ತರಕಾರಿ ಪಾತಿಯಲ್ಲಿ ಸಸ್ಯ ಕುಟುಂಬಗಳನ್ನು ಗುರುತಿಸುವುದು ಹೇಗೆ, ಏಕೆ?

ಸೀಮೆಬದನೆ ಹೆಸರಿನಲ್ಲಷ್ಟೇ ಬದನೆ. ಚಪ್ಪರಕ್ಕೆ ಹಬ್ಬುವ ಅದರ ಬಳ್ಳಿ, ಸಿಕ್ಕಿದ್ದಕ್ಕೆಲ್ಲ ಸುತ್ತಿಕೊಳ್ಳುವ ಕುಡಿ, ಹೂವಿನ ರಚನೆ ಎಲ್ಲವೂ ಸೌತೆ, ಸೋರೆಗಳ ಕಡೆಯವು. ಇತ್ತ ಉಡುಪಿಯ ಮಟ್ಟು ಗುಳ್ಳದ ಹೆಸರಿನಲ್ಲಿ ಬದನೆಯ ಸುಳಿವೇ ಇಲ್ಲದಿದ್ದರೂ ಅದು ಅಪ್ಪಟ ಬದನೆ. ಆಡುಮಾತಿನ ಹೆಸರುಗಳು ಆಕಾರ, ರುಚಿ, ಬಳಕೆಗಳನ್ನು ನೋಡಿ ಹುಟ್ಟಿಕೊಂಡವು. ವಿಜ್ಞಾನಿಗಳ ವರ್ಗೀಕರಣವಾದರೋ ಯಾವ ಜೀವಿ ಯಾವುದಕ್ಕೆ ಹತ್ತಿರದ ನಂಟು ಎಂದು ಕೇಳುತ್ತದೆ. ನಂಟು ಗೊತ್ತಾದರೆ ಒಂದರ ಬಗ್ಗೆ ತಿಳಿದದ್ದನ್ನು ಇನ್ನೊಂದರಲ್ಲೂ ನಿರೀಕ್ಷಿಸಬಹುದು. ಈ ಪ್ರಯೋಜನವನ್ನು ಅರಿಯಲು ಪ್ರಯೋಗಾಲಯವೇನೂ ಬೇಕಿಲ್ಲ, ಹಿತ್ತಿಲಿನ ನಾಲ್ಕು ಪಾತಿಗಳು ಸಾಕು.

ಒಂದು ಭೂತಗನ್ನಡಿ, ಒಂದು ಬ್ಲೇಡು, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಲೆಯನ್ನು ನೋಡಿ ತೀರ್ಮಾನಿಸಬೇಡಿ. ನೆರಳು, ನೀರು, ಗಿಡದ ವಯಸ್ಸಿಗೆ ತಕ್ಕಂತೆ ಎಲೆಯ ಗಾತ್ರ, ಆಕಾರಗಳು ಸುಲಭವಾಗಿ ಬದಲಾಗುತ್ತವೆ, ಹೂವಿನ ರಚನೆ ಅಷ್ಟು ಬೇಗ ಬದಲಾಗುವುದಿಲ್ಲ. ಬೆಂಡೆ, ಬದನೆಗಳ ಹೂವನ್ನು ಬೆಳಿಗ್ಗೆಯೇ ನೋಡಬೇಕು, ಹೀರೆ, ಸೋರೆಗಳ ಹೂವಿಗೆ ಸಂಜೆಯವರೆಗೆ ಕಾಯಬೇಕು.

ಮೊದಲು ಬೆಂಡೆಯ ಹೂವನ್ನು ದಾಸವಾಳದ ಪಕ್ಕದಲ್ಲಿಡಿ. ದಾಸವಾಳ ಐದೆಸಳಿನದಾಗಿರಲಿ, ಏಕೆಂದರೆ ಸುತ್ತು ದಾಸವಾಳದಲ್ಲಿ ಎಸಳುಗಳು ಹೆಚ್ಚಿ ಮೂಲ ರಚನೆ ಮರೆಯಾಗಿರುತ್ತದೆ. ಎಸಳುಗಳನ್ನು ಕಿತ್ತು ನಡುವಿನ ದಂಡವನ್ನು ಗಮನಿಸಿ: ಹಲವು ಕೇಸರಗಳು, ಅಂದರೆ ಪರಾಗ ಹೊರುವ ಗಂಡು ಎಳೆಗಳು, ಬುಡದಲ್ಲಿ ಒಂದಾಗಿ ಕೊಳವೆಯಂತಾಗಿವೆ, ಹೂವಿನ ಹೆಣ್ಣು ಭಾಗದ ಎಳೆಯಾದ ಶಲಾಕೆ ಅದರೊಳಗಿಂದ ಹಾದು ತುದಿಯಲ್ಲಿ ಹೊರಬಂದಿದೆ. ಹತ್ತಿಯ ಹೂವಿನಲ್ಲೂ ಪುಂಡಿಯ ಹೂವಿನಲ್ಲೂ ಇದೇ ಕೊಳವೆ ಕಾಣುತ್ತದೆ. ಇದು ಮಾಲ್ವೇಸಿ ಕುಟುಂಬದ ಗುರುತು. ಬೆಂಡೆಕಾಯಿಯ ಲೋಳೆ, ತಲೆಗೆ ಹಚ್ಚುವ ದಾಸವಾಳದ ಸೊಪ್ಪಿನ ಲೋಳೆ, ಪುಂಡಿಯ ಕಾಂಡದ ನಾರು ಇವೆಲ್ಲ ಈ ಮನೆತನದ ಲಕ್ಷಣಗಳೇ. ಹತ್ತಿಗೆ ಬರುವ ಕೆಂಪು ತಿಗಣೆ ಬೆಂಡೆಗೂ ಬರುವುದು ಈ ನಂಟಿನಿಂದಲೇ. ಆ ಕೀಟಕ್ಕೆ ನಮಗಿಂತ ಚೆನ್ನಾಗಿ ವರ್ಗೀಕರಣ ಗೊತ್ತು ಎನ್ನಬೇಕು.

ಹೋಲಿಕೆಯ ನಂತರ ವ್ಯತ್ಯಾಸವನ್ನು ಹುಡುಕಿ. ಬೆಂಡೆಯ ಹೂವು ಅರಳುವಾಗ ಹೊರಗಿನ ಹಸಿರು ಕವಚ ಒಂದು ಬದಿಯಲ್ಲಿ ಸೀಳಿಕೊಂಡು, ಮುಂದೆ ಎಸಳುಗಳೊಂದಿಗೆ ಉದುರಿಹೋಗುತ್ತದೆ. ದಾಸವಾಳದಲ್ಲಿ ಆ ಕವಚ ಬಟ್ಟಲಿನಂತೆ ಹಾಗೆಯೇ ಉಳಿಯುತ್ತದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ 1753ರಲ್ಲಿ ಬೆಂಡೆಯನ್ನು ದಾಸವಾಳದ ಕುಲವಾದ (ಕುಲವೆಂದರೆ ಕುಟುಂಬದೊಳಗಿನ ಚಿಕ್ಕ ಗುಂಪು) ಹೈಬಿಸ್ಕಸ್‌ನಲ್ಲಿಯೇ ಇಟ್ಟಿದ್ದರು. ಇಂತಹ ವ್ಯತ್ಯಾಸಗಳನ್ನು ಪರಿಗಣಿಸಿ ನಂತರದವರು ಅದನ್ನು ಅಬೆಲ್ಮಾಸ್ಕಸ್ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಕುಟುಂಬ ಮಾತ್ರ ಅದೇ ಉಳಿಯಿತು.

ಯಾವ ಲಕ್ಷಣವನ್ನು ಎಣಿಕೆಗೆ ತೆಗೆದುಕೊಳ್ಳಬೇಕೆಂಬುದೇ ಇಲ್ಲಿ ಕಷ್ಟದ ಪ್ರಶ್ನೆ. ಲಿನೇಯಸ್ ಮುಖ್ಯವಾಗಿ ಕೇಸರಗಳ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡಿದ್ದರಿಂದ, ಐದು ಕೇಸರಗಳಿರುವ ಬದನೆಯೂ ಕಾಫಿಯೂ ಒಂದೇ ಗುಂಪಿಗೆ ಬಂದಿದ್ದವು. ಗಿಡವನ್ನು ಹುಡುಕಲು ಅದು ಅನುಕೂಲದ ಪಟ್ಟಿಯಾಗಿತ್ತು, ಆದರೆ ನಂಟಿನ ಪಟ್ಟಿಯಾಗಿರಲಿಲ್ಲ. ಆದ್ದರಿಂದ ಒಂದೇ ಲಕ್ಷಣಕ್ಕೆ ಜೋತುಬೀಳದೆ ಕನಿಷ್ಠ ಮೂರನ್ನಾದರೂ ಬರೆದುಕೊಳ್ಳಿ. ಬದನೆ ಮತ್ತು ಟೊಮೆಟೊ ಹೂವುಗಳಲ್ಲಿ ಎಸಳುಗಳು ಬುಡದಲ್ಲಿ ಕೂಡಿರುತ್ತವೆ, ಹಳದಿ ಕೇಸರಗಳು ನಡುವೆ ಮೊನೆಯಂತೆ ಒತ್ತಾಗಿ ನಿಂತಿರುತ್ತವೆ, ಕಾಯಿಯ ತೊಟ್ಟಿನ ಬಳಿ ಹಸಿರು ಟೋಪಿ ಉಳಿದಿರುತ್ತದೆ. ಮೆಣಸಿನಕಾಯಿಯಲ್ಲೂ ಆ ಟೋಪಿ ಇದೆ. ಇವು ಸೊಲನೇಸಿ ಕುಟುಂಬದವು. ಟೊಮೆಟೊವನ್ನು ಬಹುಕಾಲ ಬೇರೆ ಕುಲವಾಗಿ ಎಣಿಸಲಾಗಿತ್ತು. ಡಿಎನ್‌ಎ ಹೋಲಿಕೆಯ ನಂತರ ಅದು ಬದನೆ, ಆಲೂಗಡ್ಡೆಗಳ ಸೊಲನಂ ಕುಲಕ್ಕೇ ಮರಳಿತು.

ಬಳ್ಳಿ ತರಕಾರಿಗಳ ಕೆಲಸ ಬೇಗ ಮುಗಿಯುತ್ತದೆ. ಕುಂಬಳ, ಸೌತೆ, ಹೀರೆಗಳಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆಬೇರೆಯಾಗಿದ್ದು, ಹೆಣ್ಣು ಹೂವಿನ ಎಸಳುಗಳ ಕೆಳಗೆ ಪುಟ್ಟ ಹೀಚು ಆಗಲೇ ಕಾಣುತ್ತದೆ. ಅವರೆ, ಅಲಸಂದೆಗಳನ್ನು ಚಿಟ್ಟೆಯಂಥ ಹೂವಿನಿಂದಲೂ ಬೇರಿನ ಗಂಟುಗಳಿಂದಲೂ ಗುರುತಿಸಬಹುದು. ಆ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ.

ಈಗ ನೋಟ್‌ಬುಕ್ಕಿನಲ್ಲಿ ಪ್ರತಿ ಪಾತಿಯ ಮುಂದೆ ಬೆಳೆಯ ಹೆಸರಿನ ಜೊತೆಗೆ ಕುಟುಂಬದ ಹೆಸರನ್ನೂ ಬರೆಯಿರಿ. ಟೊಮೆಟೊ ಗಿಡಗಳು ಹಸಿರಾಗಿದ್ದಂತೆಯೇ ಬಾಡಿ ದುಂಡಾಣು ಸೊರಗು ರೋಗದಿಂದ ಸತ್ತಿದ್ದರೆ, ಅಲ್ಲಿ ಮರುವರ್ಷ ಬದನೆಯನ್ನೋ ಮೆಣಸಿನ ಗಿಡವನ್ನೋ ನೆಡುವುದು ತಪ್ಪಾಗುತ್ತದೆ, ಏಕೆಂದರೆ ಮಣ್ಣಿನಲ್ಲಿ ಉಳಿದ ರೋಗಾಣುವಿಗೆ ಇವು ಮೂರೂ ಆಹಾರ; ಮುಸುಕಿನ ಜೋಳ ಹಾಕುವುದು ಲೇಸು. ಬದನೆಯ ಬುಡಕ್ಕೆ ಟೊಮೆಟೊ ಕುಡಿಯನ್ನು ಕಸಿ ಕಟ್ಟಬಹುದು, ಬೆಂಡೆಯ ಬುಡಕ್ಕೆ ಕಟ್ಟಿ ಪ್ರಯೋಜನವಿಲ್ಲ. ಸೋರೆಕಾಯಿ ಕಹಿಯಾಗಿದ್ದರೆ ತಿನ್ನಬಾರದೆಂಬ ಎಚ್ಚರಿಕೆಯನ್ನು ಸೌತೆ, ಹೀರೆಗಳಿಗೂ ಅನ್ವಯಿಸಿಕೊಳ್ಳಬೇಕು. ಆ ಕಹಿಯನ್ನು ತರುವ ವಿಷಕಾರಿ ರಾಸಾಯನಿಕಗಳು ಇಡೀ ಕುಟುಂಬದಲ್ಲಿ ಹರಡಿಕೊಂಡಿವೆ.

ಆದರೆ ಕುಟುಂಬ ಒಂದೇ ಎಂಬ ಕಾರಣಕ್ಕೆ ಯಾವ ಅಪರಿಚಿತ ಗಿಡವನ್ನೂ ಬಾಯಿಗೆ ಹಾಕಬೇಡಿ. ಬೇಲಿಯ ಪಕ್ಕದ ಉಮ್ಮತ್ತಿಯೂ ಬದನೆಯ ಮನೆತನದ್ದೇ, ಮತ್ತು ಅದರ ಬೀಜ ಪ್ರಾಣಕ್ಕೆ ಎರವಾಗುವಷ್ಟು ವಿಷ.