ಆರು ಮಿಲಿಮೀಟರಿನ ಸಿಪಾಯಿಯನ್ನು ಪರೀಕ್ಷಿಸುವುದು ಹೇಗೆ?

ಮೇಜಿನ ಮೇಲೆ ಆಡುವ ಯುದ್ಧದಾಟದ ಪುಟ್ಟ ಸೈನಿಕರ ಗೊಂಬೆಗಳನ್ನು ಕೊಳ್ಳುವವರು ಹೆಚ್ಚಾಗಿ ಏಮಾರುವುದು ಕಂಪ್ಯೂಟರ್ ಪರದೆಯ ಮುಂದೆ. ಭತ್ತದ ಕಾಳಿನಷ್ಟು ಎತ್ತರದ ಸಿಪಾಯಿ ಅಲ್ಲಿ ಗೇಣುದ್ದ ನಿಂತಿರುತ್ತಾನೆ. ನುರಿತ ಕೈ ಬಳಿದ ಬಣ್ಣ ಎರಕದ ದೋಷಗಳನ್ನೆಲ್ಲ ಮುಚ್ಚಿರುತ್ತದೆ. ಆ ಚಿತ್ರವನ್ನು ನಂಬಿ ಇಡೀ ಸೇನೆಯನ್ನೇ ತರಿಸಿಕೊಂಡು, ಪೊಟ್ಟಣ ಬಿಚ್ಚಿದ ಮೇಲೆ ಮುಖ ಸಪ್ಪೆ ಮಾಡಿಕೊಂಡ ಗೆಳೆಯರನ್ನು ಕಂಡಿದ್ದೇನೆ. ಮೊದಲ ಸಲ ನಾನೂ ಹಾಗೆಯೇ ಬೇಸ್ತುಬಿದ್ದವನು. ಇಲ್ಲಿ 1870–71ರ ಫ್ರಾನ್ಸ್–ಪ್ರಷ್ಯಾ ಯುದ್ಧದ 6 ಮಿಲಿಮೀಟರ್ ಪದಾತಿಗಳನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಎರಡೂ ಕಡೆಯವರ ಉಡುಪು ಒಂದಕ್ಕೊಂದು ತೀರಾ ಬೇರೆಯಾದ್ದರಿಂದ ಶಿಲ್ಪಿಯ ತಪ್ಪು ಬೇಗ ಸಿಕ್ಕಿಬೀಳುತ್ತದೆ.

ಮೊದಲ ಕೆಲಸ, ಒಂದೇ ಒಂದು ಪೊಟ್ಟಣ ತರಿಸಿ ನೋಡುವುದು. ಅಂಚೆ ವೆಚ್ಚ ಉಳಿಸಲೆಂದು ಒಟ್ಟಿಗೆ ತರಿಸುವ ಉಪಾಯ ಕೊನೆಗೆ ದುಬಾರಿಯಾಗುತ್ತದೆ.

ಎರಡನೆಯದು ಅಳತೆ. 6 ಮಿಲಿಮೀಟರ್ ಎಂದರೆ ಸಾಮಾನ್ಯವಾಗಿ ಪಾದದಡಿಯಿಂದ ಕಣ್ಣಿನವರೆಗಿನ ಎತ್ತರ. ಟೋಪಿ, ಶಿರಸ್ತ್ರಾಣಗಳು ನೆತ್ತಿಯನ್ನು ಮರೆಮಾಡುವುದರಿಂದ ಈ ರೂಢಿ ಬಂದಿದೆ. ಕಾಲಡಿಯ ತಟ್ಟೆಯ ದಪ್ಪವನ್ನು ಲೆಕ್ಕಕ್ಕೆ ಹಿಡಿಯಬಾರದು. ಇಬ್ಬರು ತಯಾರಕರ ‘6 ಮಿಲಿಮೀಟರ್’ ಒಂದೇ ಆಗಿರುವುದಿಲ್ಲ, ಆದ್ದರಿಂದ ಒಂದೇ ತುಕಡಿಯಲ್ಲಿ ಇಬ್ಬರ ಸರಕನ್ನು ಬೆರೆಸಲೇಬೇಡಿ.

ಮೂರನೆಯದು ಆಕಾರ. ಸಿಪಾಯಿಯನ್ನು ಕಿಟಕಿಯ ಬೆಳಕಿಗೆ ಅಡ್ಡವಾಗಿ ಹಿಡಿದು ಅವನ ಕಪ್ಪು ನೆರಳುರೂಪವನ್ನಷ್ಟೇ ನೋಡಿ. ಈ ಹಂತದಲ್ಲಿ ಜನ ಉತ್ಪ್ರೇಕ್ಷೆಯನ್ನು ದೋಷವೆಂದು ತಿಳಿದು ಒಳ್ಳೆಯ ಸರಕನ್ನು ಬದಿಗಿಡುತ್ತಾರೆ. ಫ್ರೆಂಚರ ಶಾಸ್‌ಪೊ ಬಂದೂಕು 1.31 ಮೀಟರ್ ಉದ್ದವಿತ್ತು, ತುದಿಗೆ ಸಿಕ್ಕಿಸುವ ಚೂರಿ, ಬಯೊನೆಟ್, ಸೇರಿದರೆ 1.88 ಮೀಟರ್. 6 ಮಿಲಿಮೀಟರ್ ಗೊಂಬೆಗಳ ಪ್ರಮಾಣಕ್ಕೆ, ಅಂದರೆ 285 ಪಟ್ಟು, ಇದನ್ನು ಕುಗ್ಗಿಸಿದರೆ ಬಂದೂಕು 4.6 ಮಿಲಿಮೀಟರ್, ಬಯೊನೆಟ್ ಸಹಿತ 6.6 ಮಿಲಿಮೀಟರ್ ಆಗುತ್ತದೆ. ಆದರೆ ಅದೇ ಲೆಕ್ಕದಲ್ಲಿ ಕೊಳವೆಯ ದಪ್ಪ ಕೂದಲೆಳೆಗೆ ಇಳಿಯುತ್ತದೆ. ಅಷ್ಟು ತೆಳುವಾಗಿ ಎರಕ ಹೊಯ್ಯಲು ಬರುವುದಿಲ್ಲ, ಹೊಯ್ದರೂ ಬೆರಳು ತಾಗಿದರೆ ಉಳಿಯುವುದಿಲ್ಲ. ಹೀಗಾಗಿ ಬಂದೂಕನ್ನು ದಪ್ಪಗೊಳಿಸುವುದು, ತಲೆಯನ್ನು ತುಸು ದೊಡ್ಡದು ಮಾಡುವುದು ಶಿಲ್ಪಿಯ ಜಾಣ್ಮೆ. ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ನಾನು ಒಪ್ಪುತ್ತೇನೆ. ಬಂದೂಕು ಸಿಪಾಯಿಯ ತೋಳಿನಷ್ಟೇ ದಪ್ಪವಿದ್ದರೆ ಅಥವಾ ದಪ್ಪ ಮಾಡಿದ ಶಿಲ್ಪಿ ಉದ್ದವನ್ನು ಮೊಟಕುಗೊಳಿಸಿದ್ದರೆ ಅಂಥದ್ದು ಬೇಡ.

ಇದೇ ನೆರಳುರೂಪದಲ್ಲಿ ಇತಿಹಾಸವನ್ನೂ ತಾಳೆ ನೋಡಬಹುದು. ಪ್ರಷ್ಯಾದ ಪದಾತಿ ಸುರುಳಿ ಸುತ್ತಿದ ದೊಡ್ಡ ಕೋಟನ್ನು ಎಡಹೆಗಲಿನಿಂದ ಬಲಸೊಂಟಕ್ಕೆ ಹಾಕಿಕೊಂಡಿರಬೇಕು. ಅವನ ಮೊನೆಯುಳ್ಳ ಶಿರಸ್ತ್ರಾಣ, ಪಿಕಲ್‌ಹೌಬ, 1842ರಲ್ಲಿ ಬಳಕೆಗೆ ಬಂದಾಗ ಬಹಳ ಎತ್ತರವಿದ್ದು ಆಮೇಲಿನ ಮಾದರಿಗಳಲ್ಲಿ ತಗ್ಗುತ್ತ ಬಂತು. 1870ರ ಸಿಪಾಯಿಗೆ ಹಳೆಯ ಗೋಪುರದಂಥ ಶಿರಸ್ತ್ರಾಣ ತೊಡಿಸಿದ್ದರೆ, ಶಿಲ್ಪಿ 1848ರ ಗೊಂಬೆಯನ್ನೇ ಹೊಸ ಹೆಸರಿನಲ್ಲಿ ಮಾರುತ್ತಿದ್ದಾನೆಂದು ಅನುಮಾನಿಸಬೇಕು. ಪ್ರಷ್ಯಾದ ಫಿರಂಗಿ ದಳದವರ ಶಿರಸ್ತ್ರಾಣದ ತುದಿಯಲ್ಲಿ ಮೊನೆಯ ಬದಲು ದುಂಡನೆಯ ಗುಂಡು ಇರುತ್ತದೆ, ಯೇಗರ್ ಬೇಟೆಗಾರ ದಳದವರು ಮೊನೆಯಿಲ್ಲದ, ಚಪ್ಪಟೆ ನೆತ್ತಿಯ ಶಾಕೊ ಟೋಪಿ ಧರಿಸುತ್ತಾರೆ. ಫ್ರೆಂಚ್ ಪದಾತಿಗೆ ಮುಂದೆ ಅಂಚುಳ್ಳ, ಚಪ್ಪಟೆ ನೆತ್ತಿಯ ಗಿಡ್ಡ ಕೆಪಿ ಟೋಪಿ, ಮೊಣಕಾಲಿನತ್ತ ಇಳಿಯುವ ಕೋಟು, ಬೆನ್ನ ಮೇಲೆ ಎತ್ತರಕ್ಕೆ ಪೇರಿಸಿದ ಗಂಟು. ಕೋಟಿನ ಗುಂಡಿಗಳು ಎಷ್ಟೆಂದು ಎಣಿಸುವವರೂ ಇದ್ದಾರೆ. ಈ ಗಾತ್ರದಲ್ಲಿ ಅದು ವ್ಯರ್ಥ ಶ್ರಮ.

ಕುದುರೆಗಳ ವಿಷಯದಲ್ಲಿ ಒಂದು ಮಾತು. ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವ ಕುದುರೆ ಆ ಕಾಲದ ವರ್ಣಚಿತ್ರಗಳಲ್ಲಿತ್ತೇ ಹೊರತು ಮೈದಾನದಲ್ಲಿರಲಿಲ್ಲ. ನಾಗಾಲೋಟದಲ್ಲಿ ನಾಲ್ಕೂ ಗೊರಸು ನೆಲ ಬಿಟ್ಟಾಗ ಕಾಲುಗಳು ಹೊಟ್ಟೆಯ ಕೆಳಗೆ ಮಡಚಿರುತ್ತವೆಂದು 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ತೆಗೆದ ಛಾಯಾಚಿತ್ರಗಳು ತೋರಿಸಿಕೊಟ್ಟವು. ಚಿತ್ರದ ಕುದುರೆಯೇ ಚೆಂದವೆನ್ನುವವರು ಕೊಳ್ಳಲಿ, ನಾನು ಕೊಳ್ಳುವುದಿಲ್ಲ.

ನಾಲ್ಕನೆಯದು ಎರಕದ ಪರೀಕ್ಷೆ. ಬಹುತೇಕರು ಎಡವುವ ಜಾಗ ಇದೇ ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಈ ಸಿಪಾಯಿಗಳನ್ನು ಎರಡು ಹೋಳಿನ ದುಂಡನೆಯ ರಬ್ಬರ್ ಅಚ್ಚಿನಲ್ಲಿ ತಯಾರಿಸುತ್ತಾರೆ. ಅಚ್ಚು ಗಿರಗಿರನೆ ತಿರುಗುತ್ತಿರುವಾಗ ನಡುವಿಗೆ ಸುರಿದ ಕರಗಿದ ಲೋಹ ಅಂಚಿನ ಕಡೆಗೆ ಚಿಮ್ಮಿ ಒಳಗಿನ ಪೊಳ್ಳುಗಳನ್ನು ತುಂಬುತ್ತದೆ. ಎರಡು ಹೋಳು ಕೂಡುವಲ್ಲಿ ಗೆರೆ ಬೀಳದೆ ಇರುವುದಿಲ್ಲ. ಗೆರೆ ಇದೆಯೆಂದು ದೂರುವುದರಲ್ಲಿ ಅರ್ಥವಿಲ್ಲ, ಅದು ಎಲ್ಲಿ ಹಾಯ್ದಿದೆ ಎಂಬುದನ್ನು ನೋಡಬೇಕು. ತೋಳಿನ ಹೊರಮಗ್ಗುಲಲ್ಲಿ ಇಳಿದಿದ್ದರೆ ಸರಿ, ಮೂಗಿನ ಮೇಲೆ ಹಾಯ್ದಿದ್ದರೆ ಕಷ್ಟ.

ಈಗ ಉಗುರನ್ನು ಆ ಗೆರೆಗೆ ಅಡ್ಡವಾಗಿ, ಮೊದಲು ಎಡದಿಂದ ಬಲಕ್ಕೆ, ಆಮೇಲೆ ಬಲದಿಂದ ಎಡಕ್ಕೆ ಎಳೆಯಿರಿ. ಎರಡೂ ಸಲ ಉಗುರು ತಡೆದರೆ ಅದು ಉಬ್ಬಿದ ಗೆರೆ, ಸಣ್ಣ ಅರದಿಂದ ನಾಲ್ಕು ಸಲ ಉಜ್ಜಿದರೆ ಹೋಗುತ್ತದೆ. ಒಂದು ದಿಕ್ಕಿನಲ್ಲಿ ಮಾತ್ರ ತಡೆದು ಇನ್ನೊಂದು ದಿಕ್ಕಿನಲ್ಲಿ ಜಾರಿದರೆ ಅದು ಮೆಟ್ಟಿಲು: ಅಚ್ಚಿನ ಹೋಳುಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಸರಿದಿವೆ, ಸಿಪಾಯಿಯ ಎದೆಯೂ ಬೆನ್ನೂ ಬೇರೆಬೇರೆ ಜಾಗದಲ್ಲಿವೆ. ಇದಕ್ಕೆ ಅರದಲ್ಲಿ ಮದ್ದಿಲ್ಲ. ಬಣ್ಣ ಹಚ್ಚಿದರೆ ಮುಚ್ಚುತ್ತದೆಂಬ ಮಾರಾಟಗಾರರ ಸಮಾಧಾನವನ್ನು ಕೇಳಬೇಡಿ; ಬಣ್ಣ ಹಚ್ಚಿದ ಮೇಲೆಯೇ ಅದು ಎದ್ದು ಕಾಣುವುದು.

ಬಳಿಕ ಒಂದೇ ಭಂಗಿಯ ಹತ್ತು ಸಿಪಾಯಿಗಳನ್ನು ಬಿಳಿಯ ಕಾಗದದ ಮೇಲೆ ಸಾಲಾಗಿ ಮಲಗಿಸಿ. ಹತ್ತರಲ್ಲೂ ಅದೇ ಬಯೊನೆಟ್ ಅದೇ ಜಾಗದಲ್ಲಿ ಮೊಂಡಾಗಿದ್ದರೆ ತಪ್ಪು ಶಿಲ್ಪದ್ದು ಅಥವಾ ಅಚ್ಚಿನದು, ಬದಲಿ ಕೇಳಿದರೂ ಅಂಥದ್ದೇ ಬರುವ ಸಂಭವ ಹೆಚ್ಚು. ಒಬ್ಬನಿಗೆ ಬಯೊನೆಟ್ ಇಲ್ಲ, ಇನ್ನೊಬ್ಬನಿಗೆ ಪಾದವಿಲ್ಲ, ಮೂರನೆಯವನು ಸರಿಯಾಗಿದ್ದಾನೆ ಎಂದಾದರೆ ಅದು ಎರಕ ಹೊಯ್ದವನ ಅವಸರ. ಧೈರ್ಯವಾಗಿ ಬದಲಿ ಕೇಳಿ. ಮುಖ, ಬೆಲ್ಟು, ಗಂಟಿನ ಪಟ್ಟಿಗಳೆಲ್ಲ ಚೀಪಿದ ಪೆಪ್ಪರಮಿಂಟಿನಂತೆ ನುಣುಪಾಗಿದ್ದು ಅಂಚಿನಲ್ಲಿ ತೆಳು ಲೋಹದ ಪೊರೆ ಚೆಲ್ಲಿದ್ದರೆ ರಬ್ಬರ್ ಸವೆದಿದೆ ಎಂದೇ ತಿಳಿಯಬೇಕು. ಬಂದೂಕಿಗೂ ಎದೆಗೂ ನಡುವಿನ ಸಂದು ಲೋಹದಿಂದ ತುಂಬಿರುವುದು ಮಾತ್ರ ಸವೆತದ ಲಕ್ಷಣವಲ್ಲ. ಒಳಸಂದುಗಳಿದ್ದರೆ ಗೊಂಬೆ ಅಚ್ಚಿನಿಂದ ಸಲೀಸಾಗಿ ಬಿಟ್ಟುಬರುವುದಿಲ್ಲವಾದ್ದರಿಂದ ಶಿಲ್ಪಿಯೇ ಅದನ್ನು ತುಂಬಿರುತ್ತಾನೆ.

ಐದನೆಯದು ಲೋಹ. ಸಿಪಾಯಿಯ ತಟ್ಟೆಯ ಮೂಲೆಯನ್ನು ಬಿಳಿ ಕಾಗದದ ಮೇಲೆ ಒತ್ತಿ ಎಳೆದಾಗ ಪೆನ್ಸಿಲಿನಂತೆ ಬೂದುಗೆರೆ ಮೂಡಿದರೆ ಸೀಸ ಹೆಚ್ಚಿದೆ: ಬಂದೂಕುಗಳು ಮುಟ್ಟಿದರೆ ಬಾಗುತ್ತವೆ, ಮಕ್ಕಳ ಕೈಗೆ ಕೊಡಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು. ತವರ ಹೆಚ್ಚಿರುವ ಮಿಶ್ರಲೋಹ ಬೆಳ್ಳಗೆ ಹೊಳೆಯುತ್ತದೆ, ಗಡುಸಾಗಿರುತ್ತದೆ. ಯಂತ್ರದಲ್ಲಿ ಮುದ್ರಿಸಿದ ರಾಳದ ಸಿಪಾಯಿಗಳಲ್ಲಿ ವಿವರ ಅಚ್ಚುಕಟ್ಟಾಗಿರಬಹುದು, ಆದರೆ ಕುದುರೆಯ ಬೆನ್ನು, ಟೋಪಿಯ ಮೇಲ್ಭಾಗಗಳಂಥ ಇಳಿಜಾರುಗಳಲ್ಲಿ ಪದರದ ಗೆರೆಗಳನ್ನು ಹುಡುಕಿ. ಬಯೊನೆಟ್‌ಗಳು ಬಾಗುವ ಬದಲು ಮುರಿಯುತ್ತವೆ. ಆಟದ ಮೇಜಿಗೆ ಲೋಹವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಆರನೆಯದು ಮಸಿಯ ಪರೀಕ್ಷೆ. ಒಬ್ಬನಿಗೆ ಬಣ್ಣಕ್ಕೆ ಮುಂಚಿನ ತಳಲೇಪವಾದ ಪ್ರೈಮರನ್ನು, ಬೂದು ಬಣ್ಣದ್ದನ್ನು, ತೆಳುವಾಗಿ ಹಚ್ಚಿ, ಒಣಗಿದ ಮೇಲೆ ನೀರು ಬೆರೆಸಿದ ಕಪ್ಪು ಮಸಿಯನ್ನು ಹರಿಯಬಿಡಿ. ಮಸಿ ಬೆಲ್ಟಿನ ಅಂಚಿನಲ್ಲಿ, ಕತ್ತುಪಟ್ಟಿಯ ಕೆಳಗೆ, ಬೆರಳು ಬಂದೂಕನ್ನು ಹಿಡಿದಲ್ಲಿ ತಾನಾಗಿಯೇ ನಿಂತರೆ ಶಿಲ್ಪಕ್ಕೆ ಆಳವಿದೆ. ಮೈಯೆಲ್ಲ ಒಂದೇ ಸಮನೆ ಮಬ್ಬಾದರೆ ನೀವು ಪರದೆಯಲ್ಲಿ ಕಂಡ ವಿವರಗಳೆಲ್ಲ ಕುಂಚದಿಂದ ಬರೆದವು. ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಬಳಸಬೇಡಿ. ತೇವದ ಗಾಳಿಯಲ್ಲಿ ಅದು ಮರಳು ಮರಳಾಗಿ ಕೂತು ಒಳ್ಳೆಯ ಎರಕವನ್ನೂ ಕೆಡಿಸುತ್ತದೆ. ಅದ್ದಿ ತೆಗೆದರೆ ಸಾಕು ಎನ್ನುವ ಕಂದು ವಾರ್ನಿಶ್ ಡಬ್ಬಗಳನ್ನಂತೂ ದೂರವಿಡಿ, ಈ ಗಾತ್ರದಲ್ಲಿ ಮುಖವೇ ಅದರಲ್ಲಿ ಮುಳುಗಿಹೋಗುತ್ತದೆ.

ಕೊನೆಗೆ ಭೂತಗನ್ನಡಿಯನ್ನು ಒಳಗಿಟ್ಟು, ಬಣ್ಣವಿಲ್ಲದ ಇಪ್ಪತ್ತು ಪ್ರಷ್ಯನ್ನರನ್ನೂ ಇಪ್ಪತ್ತು ಫ್ರೆಂಚರನ್ನೂ ಮೇಜಿನ ಮೇಲೆ ಒತ್ತೊತ್ತಾಗಿ ನಿಲ್ಲಿಸಿ, ಒಂದು ಮಾರು ದೂರ ಸರಿದು ನೋಡಿ. ಯಾರು ಯಾರೆಂದು ಥಟ್ಟನೆ ತಿಳಿದರೆ ಉಳಿದ ಸೇನೆಯನ್ನು ತರಿಸಬಹುದು. ಹತ್ತರಲ್ಲಿ ಒಬ್ಬ ಬಯೊನೆಟ್ ಇಲ್ಲದವನು ಬಂದರೆ ಬೇಸರ ಬೇಡ. ಅವನನ್ನು ಹಿಂದಿನ ಸಾಲಿನ ನಡುವೆ ಅಂಟಿಸಿ.