ಎಡಕ್ಕೆ ಐದಿಂಚು

ಮಿಷಿಗನ್‌ನಲ್ಲಿ ಬಿಲ್ಲಿನ ಜಿಂಕೆ ಬೇಟೆ ಶುರುವಾಗುವುದು ಅಕ್ಟೋಬರ್ 1ಕ್ಕೆ. (ಊರಲ್ಲಾಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಡಿ ಜೈಲೇ. ಇಲ್ಲಿ ಲೈಸೆನ್ಸ್ ಇದ್ದರೆ ಆಯಿತು.) ಸೆಪ್ಟೆಂಬರ್‌ವರೆಗೂ ನಾನು ಬಾಣಕ್ಕೆ ಅಭ್ಯಾಸದ ಫೀಲ್ಡ್ ಪಾಯಿಂಟ್, ಅಂದರೆ ಬ್ಲೇಡಿಲ್ಲದ ಬರೀ ಚೂಪು ಮೊನೆ ಹಾಕಿಯೇ ಹೊಡೆಯುತ್ತಿದ್ದೆ. 20 ಗಜದಿಂದ ಮೂರು ಬಾಣ ಬಿಟ್ಟರೆ ಮೂರೂ ಅಂಗೈಯಗಲದೊಳಗೆ. ಕೈ ಪಳಗಿತು ಅಂದುಕೊಂಡು ಬೇಟೆಯ ಬ್ರಾಡ್‌ಹೆಡ್, ಅಂದರೆ ಬ್ಲೇಡುಗಳಿರುವ ಮೊನೆ ಹಾಕಿ ಹೊಡೆದೆ. ಐದಿಂಚು ಎಡಕ್ಕೆ!

ತೂಕ ಎರಡರದ್ದೂ 100 ಗ್ರೇನ್, ಅಂದರೆ ಆರೂವರೆ ಗ್ರಾಂ. ತೊಂದರೆ ತೂಕದ್ದಲ್ಲ. ಬಾಣ ಬಿಲ್ಲಿನಿಂದ ಸ್ವಲ್ಪ ಸೊಟ್ಟ ಹೊರಟರೂ ಹಿಂದಿನ ಗರಿಗಳು ಅದನ್ನು ನೇರ ಮಾಡುತ್ತವೆ. ಆದರೆ ಮೂತಿಯಲ್ಲೇ ಅಗಲವಾದ ಬ್ಲೇಡುಗಳಿದ್ದರೆ ಅವೂ ಗಾಳಿ ಹಿಡಿಯುತ್ತವೆ. ಸೊಟ್ಟ ಹೊರಟಿದ್ದನ್ನು ಇನ್ನೂ ಆ ಕಡೆಗೇ ಎಳೆಯುತ್ತವೆ.

ಅಂಗಡಿಯವನು ಮೆಕ್ಯಾನಿಕಲ್ ಬ್ರಾಡ್‌ಹೆಡ್ ತಗೋ ಅಂದಿದ್ದ. ಹಾರುವಾಗ ಅದರ ಬ್ಲೇಡು ಮಡಚಿಕೊಂಡಿರುತ್ತದೆ, ಹೆಚ್ಚುಕಮ್ಮಿ ಫೀಲ್ಡ್ ಪಾಯಿಂಟ್ ಥರವೇ ಹೋಗುತ್ತದೆ. ಆದರೆ ತಗುಲಿದಾಗ ಬಿಚ್ಚಿಕೊಳ್ಳಲು ಬಾಣದ ಕಸುವಿನಲ್ಲೇ ಒಂದಿಷ್ಟು ಖರ್ಚಾಗುತ್ತದೆ. ನನ್ನದು 50 ಪೌಂಡ್ ಎಳೆತದ ಕಾಂಪೌಂಡ್ (ರಾಟೆಗಳಿರುವ) ಬಿಲ್ಲು. ದಾನ ಮಾಡುವಷ್ಟು ಕಸುವು ಅದರಲ್ಲಿಲ್ಲ. ಹಾಗಾಗಿ ಮಡಚದ ಮೂರು ಬ್ಲೇಡಿನ ಫಿಕ್ಸೆಡ್ ತಂದಿದ್ದೆ.

ಮೊದಲು ಒಂದೊಂದೇ ಬಾಣವನ್ನು ಮೊನೆಯ ಮೇಲೆ ಬುಗುರಿಯಂತೆ ತಿರುಗಿಸಿ ನೋಡಿದೆ. ಆರರಲ್ಲಿ ಎರಡು ಒಲೆದವು. ಮೊನೆಯನ್ನು ತಿರುಗಿಸಿ ಕೂರಿಸುವ ಒಳಗಿನ ಇನ್ಸರ್ಟ್‌ನ ಬಾಯಿ ಸಮವಾಗಿರಲಿಲ್ಲ. ಒಂದನ್ನು ಉಜ್ಜಿ ಸರಿಮಾಡಿದೆ. ಇನ್ನೊಂದು ಅಭ್ಯಾಸದ ಪಾಲಾಯಿತು.

ಆಮೇಲೆ ರೆಸ್ಟ್, ಅಂದರೆ ಬಿಲ್ಲಿನ ಮೇಲೆ ಬಾಣ ಕೂರುವ ಆಸರೆ. ಇಲ್ಲಿ ನಾನೊಂದು ಪೆದ್ದುತನ ಮಾಡಿದೆ. ಸೈಟ್ (ಗುರಿ ನೋಡುವ ಸಾಧನ) ಆದರೆ ಬಾಣ ಹೋದ ಕಡೆಗೇ ಸರಿಸಬೇಕು ಅಲ್ವಾ? ಅದೇ ಅಭ್ಯಾಸದಲ್ಲಿ ರೆಸ್ಟನ್ನೂ ಎಡಕ್ಕೆ ಸರಿಸಿದೆ. ಐದಿಂಚು ಇದ್ದದ್ದು ಏಳಾಯಿತು. ರೆಸ್ಟ್ ಸರಿಸಬೇಕಾದ್ದು ಬ್ರಾಡ್‌ಹೆಡ್ ಯಾವ ಕಡೆ ಬರಬೇಕೋ ಆ ಕಡೆಗೆ, ಅಂದರೆ ನನಗೆ ಬಲಕ್ಕೆ. ಅದೂ ಒಂದು ಸಲಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ. ಪ್ರತಿ ಸಲ ಫೀಲ್ಡ್ ಪಾಯಿಂಟ್ ಮೂರು, ಬ್ರಾಡ್‌ಹೆಡ್ ಮೂರು ಹೊಡೆದು ನೋಡುತ್ತಿದ್ದೆ. ಒಂದೇ ಬಾಣ ನಂಬಿದರೆ ತಪ್ಪು ಕೈಯದೋ ಬಿಲ್ಲಿನದೋ ಗೊತ್ತಾಗುವುದಿಲ್ಲ. ಎರಡೂ ಒಂದೇ ಕಡೆ ಬೀಳುವವರೆಗೆ ಸೈಟ್ ಮುಟ್ಟಲಿಲ್ಲ.

ಮೂರು ಸಂಜೆ ಹಿಡಿಯಿತು. ಆದರೂ ಒಂದಿಂಚು ಉಳಿದೇ ಇತ್ತು. ಅದು ನನ್ನದೇ. ಬಿಲ್ಲಿನ ಹಿಡಿಯನ್ನು ಬಸ್ಸಿನ ಕಂಬಿಯಂತೆ ಬಿಗಿಹಿಡಿದು ತಿರುಚುತ್ತಿದ್ದೆ. ಬೆರಳು ಸಡಿಲ ಬಿಟ್ಟೆ, ಅದೂ ಹೋಯಿತು. 30 ಗಜದಲ್ಲೂ ಎರಡೂ ಒಟ್ಟಿಗೇ ಬಿದ್ದವು. ಆಮೇಲೆ ಸೈಟ್ ಕೂರಿಸಿದೆ.

ಫೋಮಿಗೆ ಹೊಡೆದೂ ಹೊಡೆದೂ ಬ್ಲೇಡು ಮೊಂಡಾಗಿದ್ದವು. ಬೇಟೆಗೆ ಹೊಸ ಬ್ಲೇಡೇ ಬೇಕು. ಹಾಕುವಾಗ ವ್ರೆಂಚ್ ಯಾಕೆ ಅಂತ ಸುಮ್ನೆ ಬರಿಗೈಯಲ್ಲಿ ತಿರುಗಿಸಿದೆ. ಹೆಬ್ಬೆರಳಿಗೆ ಎರಡು ಹೊಲಿಗೆ ಬಿತ್ತು.