ಪ್ರಾಥಮಿಕ ಶಾಲೆಯಲ್ಲಿ ಕೋಡಿಂಗ್: ಮೌಸ್ ಮಕ್ಕಳ ಕೈಯಲ್ಲೇ ಇರಲಿ

ಪ್ರಾಥಮಿಕ ಶಾಲೆಯಲ್ಲಿ ಕೋಡಿಂಗ್ ಆರಂಭಿಸಲು ಕಂಪ್ಯೂಟರ್ ಕೊಠಡಿ ಸಿದ್ಧವಾಗುವವರೆಗೆ ಕಾಯಬೇಕಾಗಿಲ್ಲ. ಮೊದಲ ಕೆಲವು ತರಗತಿಗಳಿಗೆ ಸೀಮೆಸುಣ್ಣ ಮತ್ತು ಕಾಗದದ ಚೀಟಿಗಳು ಸಾಕು. ನೆಲದ ಮೇಲೆ 25 ಚೌಕಗಳನ್ನು ಬರೆದು, ಒಂದು ಮಗುವನ್ನು ರೋಬೋಟ್ ಆಗಿ ನಿಲ್ಲಿಸಿ. ‘ಒಂದು ಹೆಜ್ಜೆ ಮುಂದೆ’, ‘ಬಲಕ್ಕೆ ತಿರುಗು’ ಎಂಬಂಥ ಚೀಟಿಗಳನ್ನು ಜೋಡಿಸಿ ಉಳಿದವರು ಅದನ್ನು ಗುರಿ ಮುಟ್ಟಿಸಬೇಕು. ಚೀಟಿಗಳೆಲ್ಲ ಜೋಡಣೆಯಾದ ಮೇಲೆಯೇ ರೋಬೋಟ್ ನಡೆಯಬೇಕು, ನಡುವೆ ಯಾರೂ ತಿದ್ದುವಂತಿಲ್ಲ ಎಂಬ ನಿಯಮವನ್ನು ಮಾತ್ರ ಸಡಿಲಿಸಬೇಡಿ. ದಾರಿ ತಪ್ಪಿದಾಗ ಮಕ್ಕಳು ಮೊದಲ ಚೀಟಿಗೆ ಹಿಂದಿರುಗಿ, ಒಂದೊಂದನ್ನೇ ಓದುತ್ತ ದೋಷವನ್ನು ಹುಡುಕುತ್ತಾರೆ. ಕೋಡಿಂಗಿನ ಅರ್ಧಕ್ಕಿಂತ ಹೆಚ್ಚಿನ ಕೆಲಸ ಇದೇ ಎಂಬುದು ನನ್ನ ಅಭಿಪ್ರಾಯ. ಬಲವೆಂದರೆ ರೋಬೋಟಿನ ಬಲವೋ ನೋಡುವವರ ಬಲವೋ ಎಂಬ ವಾದ ಖಂಡಿತ ಎದ್ದೇಳುತ್ತದೆ. ಅದನ್ನು ನೀವೇ ಬಗೆಹರಿಸದೆ, ಮಕ್ಕಳೂ ಎದ್ದು ನಿಂತು ರೋಬೋಟಿನಂತೆಯೇ ತಿರುಗಿ ನೋಡಲು ಹೇಳಿ. 1967ರಲ್ಲಿ ಗಣಿತಜ್ಞ ಸಿಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ರೂಪಿಸಿದ ಲೋಗೊ ಎಂಬ ಕಂಪ್ಯೂಟರ್ ಭಾಷೆಗೆ ಮುಂದೆ ಸೇರಿಕೊಂಡ, ಆಜ್ಞೆಗಳಂತೆ ಚಲಿಸಿ ಗೆರೆ ಎಳೆಯುವ ‘ಆಮೆ’ಯೂ ಹೀಗೆ ತನ್ನ ಎಡಬಲಗಳನ್ನೇ ಅನುಸರಿಸಿ ತಿರುಗುತ್ತದೆ.

ಪರದೆಯ ಕೆಲಸಕ್ಕೆ, ಆಜ್ಞೆಗಳ ತುಣುಕುಗಳನ್ನು ಒಂದಕ್ಕೊಂದು ಜೋಡಿಸಿ ಕೋಡ್ ಬರೆಯುವ ತಂತ್ರಾಂಶಗಳಿವೆ: 5ರಿಂದ 7 ವರ್ಷದವರಿಗೆ ಸ್ಕ್ರ್ಯಾಚ್ ಜೂನಿಯರ್, 8 ದಾಟಿದವರಿಗೆ ಸ್ಕ್ರ್ಯಾಚ್ ಸೂಕ್ತ. ಎರಡೂ ಉಚಿತ, ಸ್ಕ್ರ್ಯಾಚನ್ನು ಕಂಪ್ಯೂಟರಿನಲ್ಲಿ ಅಳವಡಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಒಂದು ಕಂಪ್ಯೂಟರಿಗೆ ಇಬ್ಬರನ್ನು ಕೂರಿಸಿ, ಒಬ್ಬರು ಮೌಸ್ ಹಿಡಿಯಲಿ, ಇನ್ನೊಬ್ಬರು ಮುಂದಿನ ಹೆಜ್ಜೆಯನ್ನು ಹೇಳಲಿ. ಹತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಪಾತ್ರ ಬದಲಿಸದಿದ್ದರೆ, ಮೊದಲೇ ಬಲ್ಲ ಮಗುವೇ ಕೊನೆಯವರೆಗೂ ಮೌಸ್ ಹಿಡಿದಿರುತ್ತದೆ, ಪಕ್ಕದ ಮಗು ಬರೀ ನೋಡುತ್ತ ಕುಳಿತಿರುತ್ತದೆ. ಶಿಕ್ಷಕರಂತೂ ಮೌಸನ್ನು ಮುಟ್ಟಲೇಬಾರದು. ‘ಏನಾಗಬೇಕಿತ್ತು? ಈಗ ಏನಾಗುತ್ತಿದೆ? ಯಾವ ತುಣುಕಿನವರೆಗೆ ಸರಿಯಾಗಿದೆ?’ ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರಕ್ಕಾಗಿ ತಾಳ್ಮೆಯಿಂದ ಕಾಯುವುದೇ ನಿಜವಾದ ಸಹಾಯ.

ಮುಂದಿನ ಹಂತದಲ್ಲಿ ಕೋಡ್ ಪರದೆಯಿಂದಾಚೆ ಬರಬೇಕು. ಅಂಗೈಯಲ್ಲಿ ಹಿಡಿಸುವ ಮೈಕ್ರೋಬಿಟ್ ಎಂಬ ಸರ್ಕ್ಯೂಟ್ ಬೋರ್ಡಿನಲ್ಲಿ 25 ಕೆಂಪು ಎಲ್‌ಇಡಿ ದೀಪಗಳೂ ಎರಡು ಗುಂಡಿಗಳೂ ಅಲುಗಾಟವನ್ನು ಗುರುತಿಸುವ ಸೆನ್ಸರೂ ಇವೆ. ಕೊಳ್ಳುವ ಮೊದಲು, ಇದಕ್ಕೆ ಕೋಡ್ ಬರೆಯುವ ಮೇಕ್‌ಕೋಡ್ ಜಾಲತಾಣದ ಸಿಮ್ಯುಲೇಟರಿನಲ್ಲಿ, ಅಂದರೆ ಪರದೆಯ ಮೇಲಿನ ಅಣಕು ಬೋರ್ಡಿನಲ್ಲಿ, ಮಕ್ಕಳು ಪ್ರಯತ್ನಿಸಿ ನೋಡಬಹುದು. ನಾನು ವಿಶೇಷವಾಗಿ ಸೂಚಿಸುವ ಪ್ರಯೋಗವೆಂದರೆ ಗಿಡದ ಬಾಯಾರಿಕೆಯನ್ನು ಅಳೆಯುವುದು. ಕುಂಡದ ಮಣ್ಣಿನಲ್ಲಿ ಎರಡು ಮೊಳೆಗಳನ್ನು ಒಂದಕ್ಕೊಂದು ತಾಗದಂತೆ ಊರಿ, ಒಂದನ್ನು ಬೋರ್ಡಿನ 3 ವೋಲ್ಟ್ ತುದಿಗೂ ಇನ್ನೊಂದನ್ನು ಸೊನ್ನೆ ಸಂಖ್ಯೆಯ ತುದಿಗೂ ವೈರಿನಿಂದ ಜೋಡಿಸಿ, ಸೊನ್ನೆಯ ತುದಿಯಲ್ಲಿ ಅಳೆದ ಸಂಖ್ಯೆಯನ್ನು ಬೋರ್ಡಿನ ದೀಪಗಳಲ್ಲಿ ತೋರಿಸುವ ಕೋಡನ್ನು ಮಕ್ಕಳೇ ಬರೆಯಲಿ. ಒದ್ದೆ ಮಣ್ಣು ವಿದ್ಯುತ್ತನ್ನು ಹೆಚ್ಚು ಹರಿಯಗೊಡುವುದರಿಂದ 0ರಿಂದ 1023ರವರೆಗಿನ ಆ ಸಂಖ್ಯೆ ನೀರುಣಿಸಿದಾಗ ಏರುತ್ತದೆ, ಒಣಗಿದಂತೆ ಇಳಿಯುತ್ತದೆ. ಯಾವ ಸಂಖ್ಯೆಗೆ ‘ನೀರು ಬೇಕು’ ಎನ್ನಬೇಕೆಂಬುದನ್ನು ಮಕ್ಕಳು ಕೆಲವು ದಿನ ಬರೆದಿಟ್ಟುಕೊಂಡು ತಾವೇ ತೀರ್ಮಾನಿಸಬೇಕು. ವಿದ್ಯುತ್ ಸದಾ ಹರಿಯುತ್ತಿದ್ದರೆ ಮೊಳೆ ಬೇಗ ಸವೆಯುವುದರಿಂದ, ಅಳತೆ ಮುಗಿದೊಡನೆ ವೈರನ್ನು ಬಿಡಿಸಿಡಿ.

ಇಂಥ ಪ್ರಯೋಗಗಳಿಗೆಲ್ಲ ಬ್ಯಾಟರಿಯನ್ನಷ್ಟೇ ಬಳಸಬೇಕು, ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಎಂದಿಗೂ ಬಳಸಬಾರದು. ನಾಣ್ಯದಾಕಾರದ ಬ್ಯಾಟರಿಯನ್ನು ಮಗು ನುಂಗಿದರೆ ಪ್ರಾಣಕ್ಕೇ ಅಪಾಯವಿರುವುದರಿಂದ ಅವುಗಳನ್ನು ಎಣಿಸಿ ಕೊಟ್ಟು, ತರಗತಿ ಬಿಡುವ ಮುನ್ನ ಎಣಿಸಿಯೇ ಹಿಂದಕ್ಕೆ ಪಡೆಯಿರಿ.